ನೀರು ಕುಡಿಯುವ ಗಾಡಿ

ಬೆಳಗಾವಿ ಜಿಲ್ಲೆಯ ನಿಡಸೋಸಿಯ ಸುತ್ತಲಿನ ಹಳ್ಳಿಗಳಲ್ಲಿ ಪಿಕಪ್ ಗಾಡಿ ಮಾಡದ ಕೆಲಸವೆಂಬುದಿಲ್ಲ. ನಸುಕಿನಲ್ಲಿ ಕೋತಂಬರಿ, ಮೆಂತ್ಯೆ, ಬದನೆಕಾಯಿ ಹೇರಿಕೊಂಡು ಬೆಳಗಾವಿಯ ದಾರಿ ಹಿಡಿಯುತ್ತದೆ. ಬರಿದೇ ಬರಬಾರದೆಂದು ಬರುವಾಗ ಸಿಮೆಂಟು, ಗೊಬ್ಬರದ ಚೀಲ, ಯಾರದೋ ಮನೆಯ ಕಪಾಟು ತರುತ್ತದೆ. ಮಧ್ಯಾಹ್ನ ಎಮ್ಮೆ ಸಾಗಿಸುತ್ತದೆ. ಸಂಜೆಗೆ ಅದನ್ನೇ ತೊಳೆದು, ತಾಡಪತ್ರಿ ಹಾಸಿ, ಲಗ್ನದ ಮಂದಿಯನ್ನು ಕೂಡ್ರಿಸುತ್ತಾರೆ. ಬೀಗರಿಗೆ ಎಮ್ಮೆಯ ವಾಸನೆ ಹತ್ತಿದರೂ ಹೇಳುವ ಹಾಗಿಲ್ಲ. ಸರಕಿನ ಗಾಡಿಯಲ್ಲಿ ಮಂದಿ ಕೂಡ್ರಿಸಬಾರದೆಂದು ಕಾಯ್ದೆ ಹೇಳುತ್ತದೆ, ನಿಜ. ಆದರೆ ಕಾಯ್ದೆಗೆ ನಮ್ಮೂರ ಲಗ್ನದ ಮುಹೂರ್ತ ಗೊತ್ತಿರುವುದಿಲ್ಲ.

ನಮ್ಮದು ಮಹೀಂದ್ರಾದ ಹಳೇ ಡಿಐ ಪಿಕಪ್. 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸುವ ಮೂಲಕ ಗಾಡಿ ಕಸುಬಿಗೆ ಇಳಿದ ಕಂಪನಿಯದು. ಇದರ ಮೂತಿಯಲ್ಲಿ ಆ ಜೀಪಿನ ಹಟ ಇನ್ನೂ ಉಳಿದಿದೆ. ನಮ್ಮ ಅಂಗಳಕ್ಕೆ ಬರುವ ಮೊದಲೇ ಅದು ಇಬ್ಬರು ಮಾಲೀಕರನ್ನು ಕಂಡಿತ್ತು. ಓಡಿಸುವವನು ನನ್ನ ತಮ್ಮ, ಲೆಕ್ಕ ಬರೆಯುವವನು ನಾನು. ಮಾಸ್ತರಿಕೆ ಮಾಡಿದವರ ಕೈಗೆ ಸ್ಟೇರಿಂಗ್ ಕೊಡಬಾರದು, ವಹಿ ಕೊಡಬೇಕು ಎಂಬುದು ಅವನ ತೀರ್ಮಾನ. ಆ ವಹಿಯಲ್ಲಿ ಡೀಸೆಲ್ಲಿಗೊಂದು ಕಾಲಂ, ಆಯಿಲ್ಲಿಗೊಂದು, ಟಾಯರಿಗೊಂದು, ಚಹಾಕ್ಕೊಂದು ಇತ್ತು. ನೀರಿಗೆ ಇರಲಿಲ್ಲ. ನೀರಿಗೆ ದುಡ್ಡಿಲ್ಲವಲ್ಲ. ದುಡ್ಡು ಕೊಟ್ಟು ತಾರದ್ದನ್ನು ನಮ್ಮಲ್ಲಿ ಯಾರೂ ಬರೆದಿಡುವುದಿಲ್ಲ, ಅದಕ್ಕೆ ಕೆಡುವ ಗುಣ ಇದೆಯೆಂದೂ ತಿಳಿಯುವುದಿಲ್ಲ. ಡ್ರೈವರುಗಳು ಆಯಿಲ್ ಡಬ್ಬಿಯ ಮೇಲಿನ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಾರೆ, ನಕಲಿ ಇರಬಹುದೆಂದು ಸೀಲು ತಿರುವಿ ನೋಡುತ್ತಾರೆ. ರೇಡಿಯೇಟರಿಗೆ ಮಾತ್ರ ಕೈಗೆ ಸಿಕ್ಕ ನೀರು: ಬೋರಿನದು, ಕ್ಯಾನಲ್ಲಿನದು, ಹೋಟೆಲಿನ ಪಿಪಾಯಿಯದು, ಒಮ್ಮೊಮ್ಮೆ ಕುಡಿದು ಉಳಿದ ಬಾಟಲಿಯದು.

ಗಾಡಿ ನೀರು ಕುಡಿಯತೊಡಗಿದ್ದು ಅವ್ವನಿಗೆ ಮೊದಲು ಗೊತ್ತಾಯಿತು. ಮುಂಜಾನೆ ಬಚ್ಚಲಿನ ಹತ್ತಿರ ತಮ್ಮ ಚರಿಗೆ ಹಿಡಿದುಕೊಂಡು ಓಡಾಡುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ಮೊದಲು ಒಂದು ಚರಿಗೆ, ಆಮೇಲೆ ಎರಡು. “ದಿನಾ ಎಲ್ಲಿಗಿ ಹೊಕ್ಕೈತೋ ಆ ನೀರು?” ಎಂದು ಕೇಳಿದಳು. ಗಾಡಿಯ ಕೆಳಗೆ ನೆಲ ಒಣಗಿತ್ತು, ಹೋಸ್ ಪೈಪು ಒಣಗಿತ್ತು, ವಾಟರ್ ಪಂಪಿನಿಂದ ತೊಟ್ಟಿಕ್ಕುತ್ತಿರಲಿಲ್ಲ. “ಹಳೇ ಗಾಡಿ, ಕುಡೀತೈತಿ ಬಿಡವ್ವಾ” ಎಂದ ತಮ್ಮ. “ಆಕಳಾಗಿದ್ದರ ಇಷ್ಟೊತ್ತಿಗೆ ಡಾಕ್ಟರನ್ನ ಕರಸ್ತಿದ್ರಿ” ಎಂದು ಅವ್ವ ಒಳಗೆ ಹೋದಳು.

ಅವಳ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಹೊರಗೆ ಒಂದು ಹನಿಯೂ ಬೀಳದೆ ನೀರು ಕಡಿಮೆಯಾಗುತ್ತದೆ ಎಂದರೆ ಅದು ಒಳಗೇ ಎಲ್ಲೋ ಹೋಗುತ್ತಿದೆ. ಒಳಗೆ ಹೋಗಲು ಇರುವ ಹೆದ್ದಾರಿ ಹೆಡ್ ಗ್ಯಾಸ್ಕೆಟ್.

ಎಂಜಿನ್ ಎಂದರೆ ಮೂಲದಲ್ಲಿ ಎರಡು ತುಂಡು: ಕೆಳಗೆ ಬ್ಲಾಕು, ಮೇಲೆ ಹೆಡ್ಡು. ಬ್ಲಾಕಿನಲ್ಲಿ ಪಿಸ್ಟನ್ನುಗಳು ಏರಿಳಿಯುವ ಸಿಲಿಂಡರು. ಹೆಡ್ಡಿನಲ್ಲಿ ವಾಲ್ವು, ನಾಜಲ್ಲು. ಎರಡರ ಮೈಯೊಳಗೂ ನೀರು ತಿರುಗಾಡುವ ಸಂದುಗಳಿವೆ, ಆಯಿಲ್ ಏರುವ ತೂತುಗಳಿವೆ. ಬೆಂಕಿ, ನೀರು, ಎಣ್ಣೆ ಮೂರೂ ಬೆರಳಗಲದ ಅಂತರದಲ್ಲಿ ಹಾಯುತ್ತವೆ. ಒಂದು ಇನ್ನೊಂದರ ಮನೆಗೆ ಹೊಗದಂತೆ ನೋಡಿಕೊಳ್ಳುವುದು ನಡುವೆ ಕೂತ ಒಂದೂವರೆ ಮಿಲಿಮೀಟರ್ ಆಸುಪಾಸಿನ ಒಂದು ಹಾಳೆ. ಅದರ ಪಾಡು ಏನೆಂದು ಒಂದು ಸಂಜೆ ವಹಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನಮ್ಮ ಗಾಡಿಯ 2523 ಸಿಸಿ ಎಂಜಿನ್ನಿಗೆ ನಾಲ್ಕು ಸಿಲಿಂಡರು, ಒಂದೊಂದರ ಬೋರು 88.9 ಮಿಲಿಮೀಟರ್. ಅಂದರೆ ಬಾಯಿಯ ವಿಸ್ತೀರ್ಣ ಸುಮಾರು 62 ಚದರ ಸೆಂಟಿಮೀಟರ್. ಡೀಸೆಲ್ ಹೊತ್ತಿದಾಗ ಏಳುವ ಒತ್ತಡ ಚದರ ಸೆಂಟಿಮೀಟರಿಗೆ 80 ಕಿಲೋ ಎಂದು ಹಿಡಿದರೂ ಹೆಡ್ಡನ್ನು ಮೇಲಕ್ಕೆ ಒದೆಯುವ ಬಲ 5 ಟನ್ನಿಗೆ ಹತ್ತಿರ. ಹಿಂದೆ ಹೊರುವ ಸರಕು ಕಾಗದದ ಮೇಲೆ ಒಂದೂಕಾಲು ಟನ್ (ಕಾಗದದ ಮೇಲೆ ಎಂದೆ, ಕಬ್ಬಿನ ನಾಡಿನಲ್ಲಿ ಹೇರುವ ಕೈಗೆ ಅಳತೆ ಇಲ್ಲ). ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿನಲ್ಲೂ ಆ ಒದೆ 1000 ಸಲ. ಬೆಳಗಾವಿ ಮುಟ್ಟಲು ಒಂದು ತಾಸು ಎಂದಿಟ್ಟುಕೊಂಡರೆ 60,000 ಸಲ. ಇಷ್ಟು ಒದೆ ತಿಂದೂ ವರ್ಷಗಟ್ಟಲೆ ಸುಮ್ಮನೆ ಕೂತಿರುವ ವಸ್ತುವನ್ನು ಕೊನೆಗೆ “ಗ್ಯಾಸ್ಕೆಟ್ ದಗಾ ಕೊಟ್ಟಿತು” ಎಂದು ಬಯ್ಯುವುದು ಅನ್ಯಾಯ. ಹೆಡ್ ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ. ಅದನ್ನು ಕಳಿಸಿಕೊಡಲಾಗುತ್ತದೆ, ಬಹುತೇಕ ನೀರಿನ ದಾರಿಯಿಂದ.

ಹೋಗುವ ಮೊದಲು ಅದು ಸೂಚನೆ ಕೊಡುತ್ತದೆ. ಬೆಂಕಿಯ ಮನೆಯಿಂದ ನೀರಿನ ಮನೆಗೆ ದಾರಿ ಬಿದ್ದರೆ ಗಾಳಿ ರೇಡಿಯೇಟರಿಗೆ ನುಗ್ಗುತ್ತದೆ. ತಣ್ಣನೆಯ ಗಾಡಿಯ ಮುಚ್ಚಳ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇರುತ್ತವೆ. ಎಂಜಿನ್ ಇನ್ನೂ ಬೆಚ್ಚಗಾಗುವ ಮೊದಲೇ ಮೇಲಿನ ಹೋಸು ಕಲ್ಲಿನಂತೆ ಬಿಗಿಯುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಮುಂಜಾನೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಎಂಜಿನ್ ಒಂದು ಕಾಲು ಕುಂಟಿದ ಹಾಗೆ ಏಳುತ್ತದೆ. ಚಳಿಗಾಲದ ಎರಡು ನಿಮಿಷದ ಆವಿಯನ್ನು ಕಂಡು ಹೆದರಬೇಕಿಲ್ಲ; ಎಂಜಿನ್ ಕಾದ ಮೇಲೂ ನಿಲ್ಲದ್ದಕ್ಕೆ ಹೆದರಬೇಕು. ನೀರು ಆಯಿಲ್ಲಿಗೆ ಕೂಡಿದರೆ ಆಯಿಲ್ ಮುಚ್ಚಳದ ಒಳಮೈಯಲ್ಲಿ, ಅಳತೆಗೋಲಿನ ಮೇಲೆ ಕೆನೆಬಣ್ಣದ ಕದಡು ಕಾಣುತ್ತದೆ. ಅದನ್ನು ಕಂಡ ಮೇಲೆ ಒಂದು ಮೈಲಿಯೂ ಓಡಿಸಬಾರದು. ನೀರು ಬೆರೆತ ಎಣ್ಣೆ ಬೇರಿಂಗಿಗೆ ಎಣ್ಣೆಯಲ್ಲ. ಕ್ರ್ಯಾಂಕು ಹೋದರೆ ಗ್ಯಾಸ್ಕೆಟ್ಟಿನ ಖರ್ಚು ಚಿಲ್ಲರೆಯಾಗಿ ಕಾಣುತ್ತದೆ.

ನಮ್ಮ ಗಾಡಿ ಎರಡು ಚರಿಗೆಯ ಮಟ್ಟದಲ್ಲೇ ತಿಂಗಳುಗಟ್ಟಲೆ ಸಂಸಾರ ನಡೆಸಿತು. ತಮ್ಮ ಸೀಟಿನ ಹಿಂದೆ ಒಂದು ಕ್ಯಾನು ಇಟ್ಟುಕೊಂಡ. ಹೆದ್ದಾರಿಯಲ್ಲಿ ನಿಪ್ಪಾಣಿ ಕಡೆ ತವಂದಿ ಘಾಟು, ಬೆಳಗಾವಿ ಕಡೆ ವಂಟಮುರಿ ಘಾಟು. ಎರಡರ ಏರಿನಲ್ಲೂ ಬಾನೆಟ್ ಎತ್ತಿಕೊಂಡು ನಿಂತ ಗಾಡಿಗಳನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ಒಂದು ಕ್ಯಾನು ಇದ್ದೇ ಇರುತ್ತದೆ. ಕ್ಯಾನು ಇಟ್ಟುಕೊಂಡವನು ತನ್ನನ್ನು ಜಾಣ ಎಂದುಕೊಳ್ಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ಆ ಕ್ಯಾನು ರೋಗದ ಚೀಟಿ.

ಚೀಟಿ ಓದಿಸಿದ್ದು ಆಂಬೋಲಿ ಘಾಟು. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಸಾವಂತವಾಡಿಗೆ ಇಳಿಯುವ ದಾರಿ ನಮ್ಮ ಕಾಯಿಪಲ್ಯ ಗೋವೆಯ ಕಡೆ ಹೋಗುವ ದಾರಿಯೂ ಹೌದು. ಹೋಗುವಾಗ ಇಳಿಜಾರು, ಎಂಜಿನ್ನಿಗೆ ಆರಾಮ. ಬರುವಾಗ ತಮ್ಮ ತೆಂಗಿನಕಾಯಿ ಹೇರಿಕೊಂಡಿದ್ದ. ಆಂಬೋಲಿ ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರ. ಕೊಂಕಣದ ಬುಡದಿಂದ ಅಷ್ಟನ್ನೂ ಎರಡನೇ ಗೇರಿನಲ್ಲಿ ಹತ್ತಬೇಕು. ಅರ್ಧ ಏರಿನಲ್ಲಿ ಬಿಸಿ ತೋರಿಸುವ ಕಾಟಾ ಕೆಂಪಿಗೆ ಹೋಯಿತು, ಎಳೆತ ಬಿತ್ತು, ಆವಿ ಎದ್ದಿತು. ನಮ್ಮ ಹಿರಣ್ಯಕೇಶಿ ಹೊಳೆ ಹುಟ್ಟುವುದು ಅದೇ ಆಂಬೋಲಿಯಲ್ಲಿ. ಸಂಕೇಶ್ವರದ ಸಹಕಾರಿ ಸಕ್ಕರೆ ಕಾರಖಾನೆ ಹೆಸರಿಟ್ಟುಕೊಂಡಿರುವುದೂ ಆ ಹೊಳೆಯದೇ. ಹೊಳೆಯ ತವರಿನ ಹೊಸಿಲಿನಲ್ಲಿ, ಸುತ್ತ ಬಂಡೆಗಳಿಂದ ನೀರು ಸುರಿಯುತ್ತಿರುವಾಗ, ನಮ್ಮ ಗಾಡಿ ನೀರಿಲ್ಲದೆ ನಿಂತಿತು.

ಅಲ್ಲಿ ನಿಂತ ಒಬ್ಬ ಲಾರಿಯವನು ತಮ್ಮನಿಗೆ ದೊಡ್ಡ ಉಪಕಾರ ಮಾಡಿದ. ಕ್ಯಾನು ಎತ್ತಿದ ತಮ್ಮನ ಕೈ ಹಿಡಿದು, “ಥಾಂಬಾ, ಪಾಣೀ ನಕೋ” ಎಂದ. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಬೀಡುಕಬ್ಬಿಣ ಸೀಳುತ್ತದೆ. ಮುಚ್ಚಳ ತೆಗೆದರೆ ಮೋರೆ ಸುಡುತ್ತದೆ: ಮುಚ್ಚಳದ ಒತ್ತಡದ ಕೆಳಗೆ ನೀರು 115 ಡಿಗ್ರಿಯ ಆಚೆಗೂ ಕುದಿಯದೆ ಇರುತ್ತದೆ, ಒತ್ತಡ ಬಿಟ್ಟೊಡನೆ ಒಟ್ಟಿಗೇ ಆವಿಯಾಗಿ ಮೇಲೇಳುತ್ತದೆ. ತಮ್ಮ ಎರಡು ತಾಸು ಕಾದು, ಇನ್ನೊಂದು ಗಾಡಿಗೆ ಕಾಯಿ ಬದಲಿಸಿ, ಹಗ್ಗ ಕಟ್ಟಿಸಿಕೊಂಡು ಊರು ಸೇರಿದ.

ಮಿಸ್ತ್ರಿ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಸಂಕೇಶ್ವರದ ಬದಿಯವನು, ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಬಯ್ಯುವ ಪೈಕಿ. ಅವನ ಅಪ್ಪ ಬಾವಿಯ ಮೇಲಿನ ಆಯಿಲ್ ಎಂಜಿನ್ನುಗಳನ್ನು ಬಿಚ್ಚಿ ಕೂಡಿಸುತ್ತಿದ್ದವನು. ಕೃಷ್ಣಾ, ಘಟಪ್ರಭಾ ಬಯಲಿನಲ್ಲಿ ಕರೆಂಟು ಬರುವ ಮೊದಲು ನೀರು ಎತ್ತುತ್ತಿದ್ದದ್ದು ಆ ಎಂಜಿನ್ನುಗಳೇ. ಕೊಲ್ಲಾಪುರದ ಕಾರಖಾನೆಗಳು ಅವುಗಳಿಂದ ಬೆಳೆದವು. ಅದಕ್ಕೂ ಹಿಂದೆ, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಲು ಹೋದರು. ಇತ್ತ ನಮ್ಮ ಹುಕ್ಕೇರಿಗೆ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಬಂದಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದರಲ್ಲಿ ಒಂದು. ಕರೆಂಟು ಹಳ್ಳಿ ಹಳ್ಳಿಗೆ ಇಳಿದಂತೆ ಬಾವಿಯ ಎಂಜಿನ್ನುಗಳು ಒಂದೊಂದಾಗಿ ಮಲಗಿದವು, ಮಿಸ್ತ್ರಿಗಳು ಬಾವಿ ಬಿಟ್ಟು ರಸ್ತೆಗೆ ಬಂದರು. ಅಪ್ಪ ಒಂದು ಸಿಲಿಂಡರಿನ ಹೆಡ್ಡು ಇಳಿಸುತ್ತಿದ್ದ, ಮಗ ನಾಲ್ಕರದು ಇಳಿಸುತ್ತಾನೆ. ಕೈ ಅದೇ.

“ಎಷ್ಟ ದಿನದಿಂದ ನೀರ ಹಾಕಾಕತ್ತೀಯೋ ತಮ್ಮಾ?” ಎಂದ. ತಮ್ಮ ಆಕಾಶ ನೋಡಿದ. “ಮಾಸ್ತರ್ರ, ಗ್ಯಾಸ್ಕಿಟ್ ತರಸ್ರಿ. ಆದರ ಒಂದ ಮಾತು. ಹೆಡ್ ಲೇಥಿಗಿ ಹೋಗಬೇಕು. ಬರೇ ಗ್ಯಾಸ್ಕಿಟ್ ಹಾಕಿ ಕೊಡು ಅನ್ನೂದಾದರ ಬ್ಯಾರೆದವರನ್ನ ಕರೀರಿ.”

ಈ ಮಾತಿಗಾಗಿ ನಾನು ಅವನಿಗೆ ಋಣಿ. ಏಕೆಂದರೆ ನಮ್ಮ ಕಡೆಯ ದೊಡ್ಡ ದುಶ್ಚಟ ಅದೇ. ಗ್ಯಾಸ್ಕೆಟ್ಟಿನ ಬೆಲೆ ಆಗ ಸಾವಿರ ರೂಪಾಯಿಯ ಆಜುಬಾಜು ಇತ್ತು. ಅದು ಯಾರಿಗೂ ಭಾರವಲ್ಲ. ಹೆಡ್ಡನ್ನು ಲೇಥಿನ ಅಂಗಡಿಗೆ ಒಯ್ದು ಮೈ ಸಮ ಮಾಡಿಸುವುದಕ್ಕೆ ಗಾಡಿ ಎರಡು ದಿನ ನಿಲ್ಲುತ್ತದೆ, ಅದು ಭಾರ. ಹಾಗಾಗಿ ಕಾಯ್ದು ಬಾಗಿದ ಹೆಡ್ಡಿನ ಕೆಳಗೆ ಹೊಸ ಗ್ಯಾಸ್ಕೆಟ್ಟು ಕೂಡ್ರಿಸಿ, ಮೇಲಿಂದ ನಾಲ್ಕು ಬೆರಳು ಪೇಸ್ಟ್ ಬಳಿದು, ತೆಂಗಿನಕಾಯಿ ಒಡೆದು ಕಳಿಸುತ್ತಾರೆ. ಮುಂದಿನ ಘಾಟಿನ ತನಕ ಅದು ನಡೆಯುತ್ತದೆ.

ಬಿಚ್ಚುವುದರಲ್ಲೇ ಅರ್ಧ ಶಾಸ್ತ್ರವಿದೆ. ಬ್ಯಾಟರಿ ತಂತಿ ಬಿಡಿಸಿದ. ನೀರು ಇಳಿಸಿದ, ಬಂದದ್ದು ಇಟ್ಟಿಗೆ ಬಣ್ಣದ ರಾಡಿ. ನಾಜಲ್ ಪೈಪುಗಳ ಬಾಯಿಗೆ ಅರಿವೆ ತುರುಕಿದ, ಡೀಸೆಲ್ಲಿನ ದಾರಿಗೆ ಒಂದು ಕಣ ಮಣ್ಣು ಹೋದರೂ ನಾಜಲ್ಲು ಕೆಡುತ್ತದೆಂದು. ಟ್ಯಾಪೆಟ್ ಕವರ್ ತೆಗೆದು ರಾಕರ್ ಎತ್ತಿದ. ಪುಶ್‌ ರಾಡುಗಳನ್ನು ಒಂದು ರಟ್ಟಿಗೆ ತೂತು ಹೊಡೆದು ಸಾಲಾಗಿ ಚುಚ್ಚಿಟ್ಟ. ಯಾವುದು ಎಲ್ಲಿತ್ತೋ ಅಲ್ಲಿಗೇ ಮರಳಬೇಕು, ಇಷ್ಟು ವರ್ಷ ಒಂದರ ಮೈಗೊಂದು ಸವೆದು ಹೊಂದಿರುತ್ತವೆ. ಆಮೇಲೆ ಹೆಡ್ ಬೋಲ್ಟು. ಬಿಚ್ಚುವಾಗ ಎರಡೂ ತುದಿಯಿಂದ ನಡುವಿಗೆ, ಒಂದೇ ಸಲಕ್ಕೆ ಪೂರ್ತಿ ಅಲ್ಲ, ಎಲ್ಲವನ್ನೂ ತುಸು ತುಸುವೇ ಸಡಿಲಿಸುತ್ತ. ಬಿಸಿ ಇರುವಾಗ ಮುಟ್ಟಲೇಬಾರದು. ಅವಸರ ಮಾಡಿದರೆ ನೇರವಿದ್ದ ಹೆಡ್ಡೂ ಬಾಗುತ್ತದೆ.

ಹೆಡ್ಡು ಎತ್ತಿದಾಗ ಅಪರಾಧದ ಗುರುತು ಕಣ್ಣಿಗೆ ಕಟ್ಟುವಂತಿತ್ತು. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವಿನ ಕಿರುಗೋಡೆಯ ಬಳಿ ಗ್ಯಾಸ್ಕೆಟ್ಟು ಕರ್ರಗೆ ಸುಟ್ಟು, ಪಕ್ಕದ ನೀರಿನ ತೂತಿಗೆ ಸಣ್ಣ ಕಾಲುವೆ ಬಿದ್ದಿತ್ತು. ಒಂದು ಪಿಸ್ಟನ್ನಿನ ತಲೆ ಮಾತ್ರ ಉಳಿದವುಗಳಿಗಿಂತ ಶುಭ್ರ: ಆವಿ ತೊಳೆದದ್ದು. ಅವ್ವನ ಎರಡು ಚರಿಗೆ ನೀರು ಹೋಗುತ್ತಿದ್ದದ್ದು ಅಲ್ಲಿಗೆ. ಹಳೆಯ ಗ್ಯಾಸ್ಕೆಟ್ಟಿನ ಅಂಟು ಕೆರೆಯುವ ಮೊದಲು ಮಿಸ್ತ್ರಿ ಅದರ ಮೇಲೆ ನೀರು ಚಿಮುಕಿಸಿದ. ಹಿಂದಿನ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ಹಾಳೆಯ ನಡುವೆ ಕಲ್ನಾರು ಇರುತ್ತಿತ್ತು, ಅದರ ದೂಳು ಪುಪ್ಪಸಕ್ಕೆ ವಿಷ. ಹಳೇ ಗಾಡಿಯಲ್ಲಿ ಯಾವ ಕಾಲದ್ದು ಕೂತಿದೆಯೋ ಯಾರು ಬಲ್ಲರು? ಕಂಪ್ರೆಸರಿನ ಹವಾ ಹೊಡೆದು ಆ ದೂಳನ್ನು ಹಾರಿಸುವ ಗ್ಯಾರೇಜುಗಳನ್ನು ನೋಡಿದ್ದೇನೆ. ಅಲ್ಲಿ ಕೆಲಸ ಮಾಡುವ ಹುಡುಗರ ಬಗ್ಗೆ ಮರುಕ ಬರುತ್ತದೆ.

ನೇರ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜಿನ ಪತ್ತಿ ತೂರಿಸಿದ. ಸಾಮಾನ್ಯವಾಗಿ 0.1 ಮಿಲಿಮೀಟರಿನ ಪತ್ತಿ ಸಲೀಸಾಗಿ ಹೋದರೆ ಹೆಡ್ಡು ಬಾಗಿದೆ ಎಂದರ್ಥ. ನಮ್ಮದರ ನಡುವೆ ಹೋಯಿತು. ಕೂದಲೆಳೆಯಷ್ಟು ಬಾಗಿದ್ದಕ್ಕೆ ಇಷ್ಟು ರಾದ್ಧಾಂತವೇ ಎಂದು ತಮ್ಮ ಗೊಣಗಿದ. ಒಂದೂವರೆ ಮಿಲಿಮೀಟರಿನ ಹಾಳೆಗೆ ಕೂದಲೆಳೆಯೂ ಬಾಗಿಲೇ.

ನಿಡಸೋಸಿಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿದೆ, ಹಿರಾಶುಗರ್ ಹೆಸರಿನದು, 1996ರಿಂದ. ಅಲ್ಲಿ ಮೆಕ್ಯಾನಿಕಲ್ ಓದುವ ನಮ್ಮ ಓಣಿಯ ಹುಡುಗನೊಬ್ಬ ಅವತ್ತು ನೋಡಲು ಬಂದು ನಿಂತಿದ್ದ. ಮಿಸ್ತ್ರಿ ಅವನನ್ನು ಕೆಣಕಲು, “ಹೇಳಪಾ ಸಾಹೇಬಾ, ಹೆಡ್ಡು ಯಾಕ ಬಾಗತೈತಿ?” ಎಂದ. ಹುಡುಗ ಸಂಕೋಚದಿಂದಲೇ ಹೇಳಿದ: ಒಂದು ಕಡೆ ಹೆಚ್ಚು ಕಾಯ್ದು ಇನ್ನೊಂದು ಕಡೆ ಕಡಿಮೆ ಕಾಯ್ದರೆ ಲೋಹ ಸಮನಾಗಿ ಹಿಗ್ಗುವುದಿಲ್ಲ, ಬೋಲ್ಟುಗಳು ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಡೊಂಕಾಗುತ್ತದೆ, ಹೊಸ ಗಾಡಿಗಳಲ್ಲಿ ಬ್ಲಾಕು ಬೀಡಿನದು, ಹೆಡ್ಡು ಅಲ್ಯುಮಿನಿಯಮ್ಮಿನದು ಇರುವ ಕಡೆ ಕಷ್ಟ ಇನ್ನೂ ಹೆಚ್ಚು, ಅಲ್ಯುಮಿನಿಯಮ್ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿಸ್ತ್ರಿ ಪಾನಾ ಕೆಳಗಿಟ್ಟು ಪೂರ್ತಿ ಕೇಳಿದ. ಆಮೇಲೆ, “ಖರೆ ಐತಿ. ಈಗ ಬಾ, ಈ ಕಡೆ ಹಿಡಿ” ಎಂದು ಅವನ ಕೈಗೆ ಹೆಡ್ಡಿನ ಒಂದು ತುದಿ ಕೊಟ್ಟ. ಪುಸ್ತಕ ಮತ್ತು ಪಾನಾ ಒಂದನ್ನೊಂದು ಹಂಗಿಸುವ ಕಥೆಗಳನ್ನು ಬಹಳ ಕೇಳಿದ್ದೇನೆ. ನಮ್ಮ ಅಂಗಳದಲ್ಲಿ ಅಂಥದ್ದೇನೂ ನಡೆಯಲಿಲ್ಲ. ಇಬ್ಬರೂ ಕೂಡಿ ಹೆಡ್ಡನ್ನು ಆಟೋಕ್ಕೆ ಏರಿಸಿದರು.

ಲೇಥಿನವರು ಮೊದಲು ಸೀಳು ಇದೆಯೇ ಎಂದು ನೀರಿನ ಸಂದುಗಳನ್ನು ಮುಚ್ಚಿ ಹವಾ ತುಂಬಿ ನೋಡಿದರು. ಸೀಳಿರಲಿಲ್ಲ. ಮೈ ಸಮ ಮಾಡುವಾಗ ಮಿಸ್ತ್ರಿ ಅಂಗಡಿಯಲ್ಲೇ ನಿಂತಿದ್ದ: ಬೇಕಾದಷ್ಟೇ ತೆಗೆಯಬೇಕು. ಹೆಚ್ಚು ತೆಗೆದರೆ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತವೆ, ನಾಜಲ್ಲಿನ ಮೂತಿ ಕೆಳಗಿಳಿಯುತ್ತದೆ, ಕಂಪ್ರೆಶನ್ ಬದಲಾಗುತ್ತದೆ. ಕೆಲವು ಡೀಸೆಲ್ ಎಂಜಿನ್ನುಗಳಿಗೆ ಬೇರೆ ಬೇರೆ ದಪ್ಪದ ಗ್ಯಾಸ್ಕೆಟ್ಟುಗಳು ಬರುತ್ತವೆ, ಅಂಚಿನ ಕಚ್ಚುಗಳನ್ನು ಎಣಿಸಿ ದಪ್ಪ ಗುರುತಿಸುತ್ತಾರೆ. ಹಳೆಯದರ ಕಚ್ಚು ನೋಡದೆ ಅಂಗಡಿಯಾತ ಕೊಟ್ಟದ್ದನ್ನು ತಂದು ಹಾಕುವವರೂ ಇದ್ದಾರೆ. ಹೇಗೂ ಬಿಚ್ಚಿದ್ದಾಗಿದೆ ಎಂದು ವಾಲ್ವುಗಳಿಗೆ ಪೇಸ್ಟ್ ಹಚ್ಚಿ ಅರೆದು ಕೂಡ್ರಿಸಿದರು. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ಹೇಳಬೇಕಾದ್ದು ನೀರಿನ ಸಂದುಗಳ ಬಗ್ಗೆ. ಹೆಡ್ಡು ಲೇಥಿಗೆ ಹೋಗಿದ್ದಾಗ ನಾನು ಬ್ಲಾಕಿನ ಸಂದುಗಳಲ್ಲಿ ಟಾರ್ಚು ಹಿಡಿದು ನೋಡಿದೆ. ಗೋಡೆಗೆಲ್ಲ ಬಿಳಿ ಹಕ್ಕಳೆ, ಅದರ ಮೇಲೆ ತುಕ್ಕು, ಮೂಲೆಗಳಲ್ಲಿ ಗಟ್ಟಿಗೊಂಡ ಹೂಳು. ಬಚ್ಚಲ ಹಂಡೆಯೊಳಗೆ ಕೂಡುವ ಸುಣ್ಣವೇ ಇದು. ಗಡಸು ನೀರು ಕಾದಾಗ ಕರಗಿದ್ದ ಸುಣ್ಣದಂಶ ಗೋಡೆಗೆ ಹತ್ತಿಕೊಳ್ಳುತ್ತದೆ, ಆ ಪದರದೊಳಗಿಂದ ಶಾಖ ಹಾಯುವುದು ಬೀಡಿನೊಳಗಿಂದ ಹಾಯುವುದಕ್ಕಿಂತ ಹತ್ತಾರು ಪಟ್ಟು ಕಷ್ಟ. ಡೀಸೆಲ್ಲಿನ ಶಾಖದಲ್ಲಿ ಮೂರರಲ್ಲೊಂದು ಪಾಲಿನಷ್ಟು ನೀರಿನ ದಾರಿಯಿಂದಲೇ ಹೊರಗೆ ಹೋಗಬೇಕಾದದ್ದು. ದಾರಿ ಕಟ್ಟಿದರೆ ಅದು ಹೆಡ್ಡಿನಲ್ಲೇ ಕೂರುತ್ತದೆ. ಕಾಟಾ ಮಾತ್ರ ನೀರಿನ ಬಿಸಿ ತೋರಿಸುತ್ತಿರುತ್ತದೆ, ಹಕ್ಕಳೆಯ ಹಿಂದಿನ ಲೋಹದ ಬಿಸಿಯನ್ನಲ್ಲ. ರೇಡಿಯೇಟರಿನ ಕೊಳವೆಗಳಲ್ಲೂ ಇದೇ ಕಥೆ, ಅರ್ಧದಷ್ಟು ಮುಚ್ಚಿದ್ದವು.

ಅವ್ವ ಬಾಗಿಲಿನಿಂದಲೇ ನೋಡಿ ತೀರ್ಪು ಕೊಟ್ಟಳು. “ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ನಾ ಹೊಳಿ ನೀರ ತರಸ್ತೀನಿ. ನೀವು ಅದನ್ನ ಇಂಜಿನ್ನಿಗೆ ಹಾಕ್ತೀರಿ.” ಕಾಲೇಜಿನ ಹುಡುಗ ಇದನ್ನು ಕೇಳಿ ಬಹಳ ಖುಷಿಪಟ್ಟ. ತೊಗರಿಬೇಳೆ ಬೇಯಗೊಡದ್ದೂ ಹೆಡ್ಡು ಬಾಗಿಸಿದ್ದೂ ಅದೇ ಕ್ಯಾಲ್ಸಿಯಂ.

ಇನ್ನೊಂದು ಪತ್ತೆಯೂ ಆಯಿತು. ಥರ್ಮೋಸ್ಟಾಟ್ ಇರಬೇಕಾದ ಗೂಡು ಖಾಲಿ. ಹಿಂದಿನ ಯಾವ ಮಾಲೀಕನ ಕಾಲದಲ್ಲೋ ಕಿತ್ತೆಸೆದಿದ್ದಾರೆ. “ಅದು ಥಂಡಿ ದೇಶದ್ದು, ನಮಗ ಬ್ಯಾಡ” ಎನ್ನುವುದು ಗ್ಯಾರೇಜುಗಳ ಹಳೆಯ ನಂಬಿಕೆ. ನೀರು 80 ಡಿಗ್ರಿ ದಾಟುವ ತನಕ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಆಮೇಲೆ ತೆರೆಯುವ ಸಾಧನ ಅದು. ಅದಿಲ್ಲದಿದ್ದರೆ ಎಂಜಿನ್ ಬೇಗ ಕಾಯುವುದಿಲ್ಲ, ಡೀಸೆಲ್ ಹೆಚ್ಚು ತಿನ್ನುತ್ತದೆ, ಸಿಲಿಂಡರು ಬೇಗ ಸವೆಯುತ್ತವೆ. ಕೆಟ್ಟು ಮುಚ್ಚಿಕೊಂಡ ಥರ್ಮೋಸ್ಟಾಟಿನಿಂದ ಎಂಜಿನ್ ಕುದಿಯುತ್ತದೆ ಎಂಬುದು ನಿಜ; ಅದಕ್ಕೆ ಮದ್ದು ಹೊಸದನ್ನು ಹಾಕುವುದು, ಕಿತ್ತೆಸೆಯುವುದಲ್ಲ. ಈ ವಿಷಯದಲ್ಲಿ ನಮ್ಮ ಮಿಸ್ತ್ರಿಯ ಜೊತೆಗೂ ನನಗೆ ವಾದವಾಯಿತು. ಕೊನೆಗೆ “ನಿಮ್ಮ ಗಾಡಿ, ನಿಮ್ಮ ಹಟ” ಎಂದು ಹೊಸದು ಕೂಡ್ರಿಸಿದ.

ಕೂಡಿಸುವ ದಿನ ಅವನು ಯಾರನ್ನೂ ಮಾತಾಡಗೊಡಲಿಲ್ಲ. ಬೋಲ್ಟಿನ ತೂತುಗಳನ್ನೆಲ್ಲ ಹವಾ ಹೊಡೆದು ಒಣಗಿಸಿದ. ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ಬಿಗಿದಾಗ ಅದು ಎಲ್ಲೂ ಹೋಗಲಾಗದೆ ಬ್ಲಾಕನ್ನೇ ಸೀಳುತ್ತದೆ. ಗ್ಯಾಸ್ಕೆಟ್ಟಿನ ಮೇಲ್ಮುಖ ನೋಡಿ ಒಣದಾಗಿಯೇ ಇಟ್ಟ, ಪೇಸ್ಟ್ ಮುಟ್ಟಲಿಲ್ಲ. ಬಿಗಿಯುವುದು ಬಿಚ್ಚಿದ್ದಕ್ಕೆ ತಿರುಗಾಮುರುಗಾ: ನಡುವಿನಿಂದ ಹೊರಕ್ಕೆ, ಸುರುಳಿ ಸುತ್ತಿನಲ್ಲಿ, ಮೂರು ಹಂತದಲ್ಲಿ. ಅಪ್ಪನ ಕಾಲದ ಮಿಸ್ತ್ರಿಗಳು ಪಾನಾಕ್ಕೆ ಪೈಪು ಸಿಕ್ಕಿಸಿ ಮೈಬಲದ ಅಂದಾಜಿನಲ್ಲಿ ಬಿಗಿಯುತ್ತಿದ್ದರು. ಇವನು ಟಾರ್ಕ್ ರೆಂಚು ತಂದಿದ್ದ, ಅರಿವೆಯಲ್ಲಿ ಸುತ್ತಿಕೊಂಡು. ಪಾನಾಗಳೆಲ್ಲ ತಗಡಿನ ಡಬ್ಬಿಯಲ್ಲಿ, ಇದೊಂದು ಅರಿವೆಯಲ್ಲಿ. ಕೈ ಅಂದಾಜಿನ ಬಗ್ಗೆ ಕೇಳಿದೆ. “ಮುಂಜಾನೆ ಕೈ ಬ್ಯಾರೆ, ಊಟ ಆದಮ್ಯಾಗಿನ ಕೈ ಬ್ಯಾರೆ ಇರತೈತ್ರಿ ಮಾಸ್ತರ್ರ” ಎಂದ. ಒಂದು ಬೋಲ್ಟು ಹೆಚ್ಚು, ಪಕ್ಕದ್ದು ಕಡಿಮೆ ಬಿಗಿದರೆ ಹೊಸ ಗ್ಯಾಸ್ಕೆಟ್ಟು ಕಡಿಮೆ ಇದ್ದ ಕಡೆಯಿಂದ ಸೀಟಿ ಹೊಡೆಯತೊಡಗುತ್ತದೆ. ಹಳೆಯ ಬೋಲ್ಟುಗಳ ಎಳೆ ನೋಡಿ, ಉದ್ದ ಹೋಲಿಸಿ, ಎಳೆದುಕೊಂಡಿದ್ದವನ್ನು ಬದಲಿಸಿದ. ಹೊಸ ಮಾದರಿಯ ಎಷ್ಟೋ ಎಂಜಿನ್ನುಗಳಲ್ಲಿ ಹೆಡ್ ಬೋಲ್ಟನ್ನು ಎರಡನೇ ಸಲ ಬಳಸುವಂತೆಯೇ ಇಲ್ಲ.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ಬರಬೇಕೆಂದು ಹೇಳಿದ್ದ. ಈ ಹಳೇ ತರಹದ ಗ್ಯಾಸ್ಕೆಟ್ಟು ಕೂತು ತುಸು ತೆಳುವಾಗುತ್ತದೆ. ಬೋಲ್ಟು ಮತ್ತೊಮ್ಮೆ ಪರೀಕ್ಷಿಸಿ, ಟ್ಯಾಪೆಟ್ ಸಂದು ಹೊಂದಿಸಬೇಕು. ಬಹಳ ಜನ ಈ ಎರಡನೇ ಭೇಟಿಗೆ ಹೋಗುವುದಿಲ್ಲ, ಗಾಡಿ ಚಲೋ ಓಡುತ್ತಿರುತ್ತದಲ್ಲ.

ಕೂಲಂಟ್ ಕೊಳ್ಳುವ ದಿನ ಮನೆಯಲ್ಲಿ ಸಣ್ಣ ಯುದ್ಧವಾಯಿತು. “ನೀರಿಗೆ ರೊಕ್ಕ ಕೊಡೂದಾ?” ಎಂದು ತಮ್ಮ. ನೀರಿಗಲ್ಲ, ತುಕ್ಕು ಮತ್ತು ಹಕ್ಕಳೆ ಕಟ್ಟದಂತೆ ಅದರಲ್ಲಿ ಬೆರೆಸಿರುವ ಔಷಧಿಗೆ ಎಂದು ನಾನು. ಬೆರೆಸದ ಕೂಲಂಟನ್ನು ಅರ್ಧಕ್ಕೆ ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಜೊತೆ ಕೂಡಿಸಿ ತುಂಬಿದೆವು. ಬ್ಲಾಕನ್ನೂ ರೇಡಿಯೇಟರನ್ನೂ ತೊಳೆಸಿದ ಮೇಲೆ ತುಂಬಿದ್ದು, ಹಳೆಯ ರಾಡಿಯ ಮೇಲೆ ಅಲ್ಲ. ಮುಚ್ಚಳವನ್ನೂ ಹೊಸದು ಹಾಕಿಸಿದೆ. ಅದರ ರಬ್ಬರು ಸತ್ತಿತ್ತು, ಒತ್ತಡವೇ ನಿಲ್ಲುತ್ತಿರಲಿಲ್ಲ. ಕೂಲಂಟ್ ಸಿಹಿ ರುಚಿಯ ವಿಷ, ನಾಯಿ, ದನ, ಮಕ್ಕಳು ಮುಟ್ಟದ ಕಡೆ ಇಡಬೇಕು, ಇಳಿಸಿದ್ದನ್ನು ಗಟಾರಿಗೆ ಬಿಡಬಾರದು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ವಹಿಯಲ್ಲಿ ನೀರಿಗೂ ಒಂದು ಕಾಲಂ ಗೆರೆ ಹೊಡೆದೆ.

ಈಗ ಸೀಟಿನ ಹಿಂದೆ ಕ್ಯಾನಿಲ್ಲ. ತಮ್ಮ ಆ ಜಾಗದಲ್ಲಿ ಹಾಸಿಗೆ ಸುರುಳಿ ಇಟ್ಟುಕೊಂಡಿದ್ದಾನೆ.

ಇನ್ನು ನೀವೇನಾದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಳೇ ಪಿಕಪ್ ಒಂದನ್ನು ಕೊಳ್ಳಲು ಹೊರಟಿದ್ದರೆ ಒಂದು ಮಾತು. ಬಣ್ಣ, ಟಾಯರು, ಕಾಗದಪತ್ರ ಆಮೇಲೆ ನೋಡಿ. ಹೇಳದೆ ಕೇಳದೆ ನಸುಕಿನಲ್ಲಿ ಹೋಗಿ, ಚಾಲೂ ಮಾಡುವ ಮೊದಲು ರೇಡಿಯೇಟರಿನ ಮುಚ್ಚಳ ಮತ್ತು ಆಯಿಲ್ ಮುಚ್ಚಳ ಎರಡನ್ನೂ ತೆಗೆಸಿ ನೋಡಿ. ಮಾಲೀಕ ನಿಮಗಿಂತ ಮೊದಲೇ ಎದ್ದು ಎಂಜಿನ್ ಕಾಯಿಸಿಟ್ಟಿದ್ದರೆ ಚಹಾ ಕುಡಿದು ಎದ್ದು ಬನ್ನಿ, ರೇಟು ಕೇಳಬೇಡಿ.